ಕೊಡವರ ಸಾವಿನ ಮನೆಗೆ ಏನು ಹಾಕಿಕೊಂಡು ಹೋಗಬೇಕು?

ನಿಮ್ಮ ಆಫೀಸಿನವರ ತಂದೆ ತೀರಿಕೊಂಡಿದ್ದಾರೆ, ನಾಳೆ ಪೊನ್ನಂಪೇಟೆ ಕಡೆ ಅಂತ್ಯಕ್ರಿಯೆ, ವಾಟ್ಸಾಪ್‌ನಲ್ಲಿ ಬಂದ ಸುದ್ದಿಯ ಕೊನೆಗೆ "ಬಿಳಿ ಅಥವಾ ಸಾಂಪ್ರದಾಯಿಕ ಉಡುಪಿನಲ್ಲಿ ಬರಬೇಕಾಗಿ ವಿನಂತಿ" ಅಂತ ಇದೆ. ಕುಪ್ಯ, ಅಂದರೆ ಕೊಡವ ಗಂಡಸರ ಸಾಂಪ್ರದಾಯಿಕ ಕೋಟು, ಬಾಡಿಗೆಗೆ ತರಬೇಕಾ, ಇಲ್ಲ ಕಪ್ಪು ಪ್ಯಾಂಟು ಶರ್ಟು ಸಾಕಾ ಅಂತ ಕೇಳಿದ್ದೀರಿ. ಕುಪ್ಯ ತರಬೇಡಿ. ಕಪ್ಪು ಅಂತೂ ಬೇಡವೇ ಬೇಡ. ಮನೆಯಲ್ಲಿರುವ ಒಂದು ಬಿಳಿ ಶರ್ಟು, ಬಿಳಿ ಪಂಚೆ ಅಥವಾ ತಿಳಿ ಬಣ್ಣದ ಪ್ಯಾಂಟು, ಅಷ್ಟೇ. ನಿಮ್ಮ ಹೆಂಡತಿ ಬಿಳಿ ಸೀರೆ ಉಡಲಿ. ಇಲ್ಲದಿದ್ದರೆ ತಿಳಿ ಬಣ್ಣದ ಹತ್ತಿ ಸೀರೆಯೋ ಚೂಡಿದಾರೋ ಆದೀತು. ನೆರಿಗೆ ಹಿಂದಕ್ಕೆ ಬರುವ ಹಾಗೆ ಕೊಡವ ರೀತಿಯಲ್ಲೇ ಉಡಬೇಕು ಅಂತ ಹೊರಗಿನವರಿಂದ ಯಾರೂ ಬಯಸುವುದಿಲ್ಲ.

ನಾನು ಕೊಡವ ಅಲ್ಲ, ಗೋಣಿಕೊಪ್ಪದ ಹತ್ತಿರ ಹುಟ್ಟಿ ಬೆಳೆದವನು. ಸುತ್ತಮುತ್ತ ಎಲ್ಲ ಕೊಡವ ಮನೆಗಳೇ. ಚಿಕ್ಕಂದಿನಿಂದ ಅವರ ಮದುವೆಗೂ ಹೋಗಿದ್ದೇನೆ, ಸಾವಿಗೂ ಹೋಗಿದ್ದೇನೆ. ಹಾಗಾಗಿ ಆ ಒಂದು ಸಾಲಿನ ಹಿಂದೆ ಏನಿದೆ ಅಂತಲೂ ಹೇಳಿಬಿಡುತ್ತೇನೆ. ಅದು ಗೊತ್ತಿದ್ದರೆ ಅಲ್ಲಿ ಹೋಗಿ ನಿಲ್ಲುವುದು ನಿಮಗೆ ಸುಲಭ.

ದುಃಖಕ್ಕೆ ಕಪ್ಪು ಅನ್ನುವುದು ಇಲ್ಲಿಯ ಲೆಕ್ಕ ಅಲ್ಲ. ಕೊಡಗಿನಲ್ಲಿ ಕಪ್ಪು ಕುಪ್ಯ ಅಂದರೆ ಸಂಭ್ರಮದ ಉಡುಪು. ಮೊಣಕಾಲವರೆಗಿನ ಆ ಕೋಟು, ಸೊಂಟಕ್ಕೆ ಸುತ್ತುವ ಕೆಂಪು ಪಟ್ಟಿ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ ಅನ್ನುವ ಕಿರುಗತ್ತಿ, ಇದೆಲ್ಲ ಸುಗ್ಗಿ ಹಬ್ಬ ಹುತ್ತರಿಗೆ, ನೆಂಟರ ಮದುವೆಗೆ. ಬಿಳಿ ಕುಪ್ಯದ ಕತೆ ಬೇರೆ. ಮದುಮಗ ಬಿಳಿ ಕುಪ್ಯ ಹಾಕುತ್ತಾನೆ. ತೀರಿಕೊಂಡ ಗಂಡಸನ್ನು ಸ್ನಾನ ಮಾಡಿಸಿ ಸಿಂಗರಿಸುವಾಗಲೂ ಅದೇ ಬಿಳಿ ಕುಪ್ಯ. ನಮ್ಮ ಪಕ್ಕದ ಮನೆಯ ಅಜ್ಜ ಹೋದಾಗ ಅವರ ಹೆಂಡತಿ ಮಂಚದ ಕೆಳಗಿನ ಟ್ರಂಕಿನಿಂದ ಅವರ ಮದುವೆಯ ಕುಪ್ಯ ತೆಗೆದರು. ಮಡಿಸಿದ ಗೆರೆಗಳಲ್ಲಿ ಹಳದಿ ಕಟ್ಟಿತ್ತು, ನುಸಿಗುಳಿಗೆಯ ವಾಸನೆ ಗಮ್ಮಂತ ಬರುತ್ತಿತ್ತು. ತೋಳು ಬಿಗಿಯಾಗಿ ಏರಲೇ ಇಲ್ಲ. ಕೊನೆಗೆ ಬೆನ್ನಿನ ಕಡೆ ಕತ್ತರಿ ಹಾಕಿ, ಮುಂದಿನಿಂದ ಸರಿ ಕಾಣುವ ಹಾಗೆ ತೊಡಿಸಿದರು. ಆ ಅಜ್ಜಿ ಚೇಲೆಯ ಅಂಚನ್ನು ಸರಿ ಮಾಡುತ್ತಲೇ ಇದ್ದರು, ಯಾರು ಕರೆದರೂ ಏಳಲಿಲ್ಲ. ಈಗ ಹೇಳಿ, ಬಾಡಿಗೆ ಕುಪ್ಯ ಹಾಕಿಕೊಂಡು ಅಂಥವರ ಎದುರು ಹೋಗಿ ನಿಂತರೆ ಹೇಗಿರುತ್ತದೆ? ಆವತ್ತಿನ ಮಟ್ಟಿಗೆ ಆ ಉಡುಪು ಹೋದವರದ್ದು, ಅವರ ಒಕ್ಕದವರದ್ದು, ಅಂದರೆ ಕುಲದವರದ್ದು. ಬಂದವರದ್ದು ಬರೀ ಬಿಳಿ.

ಮತ್ತೆ ಯಾಕೆ ಬರೆದು ಕೇಳುತ್ತಾರೆ ಅಂದರೆ, ಮೊದಲು ಕೇಳುವ ಅಗತ್ಯ ಇರಲಿಲ್ಲ. ಊರಿನವರಿಗೆಲ್ಲ ಗೊತ್ತಿತ್ತು. ಈಗ ಮಕ್ಕಳು ಬೆಂಗಳೂರಿನಲ್ಲಿ, ದುಬೈನಲ್ಲಿ. ಸ್ನೇಹಿತರು ಎಲ್ಲೆಲ್ಲಿಂದಲೋ ಬರುತ್ತಾರೆ, ಜೀನ್ಸ್, ಹೂವಿನ ಶರ್ಟು ಹಾಕಿಕೊಂಡೇ ಕಾರಿನಿಂದ ಇಳಿಯುತ್ತಾರೆ. ಅದು ಅವರ ತಪ್ಪಲ್ಲ, ಹೇಳಿದವರಿಲ್ಲ ಅಷ್ಟೇ. ಆದರೆ ಅಂಗಳದಲ್ಲಿ ಅಷ್ಟೂ ಜನ ಬಿಳಿಯಲ್ಲಿ ನಿಂತಿರುವಾಗ ಯಾರು ಎಸ್ಟೇಟ್ ಮಾಲೀಕ, ಯಾರು ತೋಟದ ಲೆಕ್ಕ ಬರೆಯುವ ರೈಟರ್, ಯಾರು ನೆಂಟ ಅಂತ ಗೊತ್ತಾಗುವುದಿಲ್ಲ. ನನಗೆ ಆ ಪದ್ಧತಿಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. ನೀವೂ ಅವರೊಳಗೆ ಒಬ್ಬರಾಗಿ ನಿಲ್ಲಿ ಅನ್ನುವ ಕರೆ ಅದು. ನಿಮ್ಮ ಬಟ್ಟೆ ಹೇಗಿದೆ ಅಂತ ಪರೀಕ್ಷೆ ಮಾಡುವುದಕ್ಕೆ ಹಾಕಿದ ಸಾಲಲ್ಲ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ, ಕೋವಿಯ ಸದ್ದು ಕೇಳಿದರೆ ಬೆಚ್ಚಬೇಡಿ. ಕೊಡವರಲ್ಲಿ ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು. ಮನೆಗಳೆಲ್ಲ ತೋಟದ ನಡುವೆ, ಒಂದರಿಂದ ಒಂದು ದೂರ. ಫೋನ್ ಇಲ್ಲದ ಕಾಲದಲ್ಲಿ ಗುಡ್ಡದ ಆಚೆಗೆ ಸುದ್ದಿ ಮುಟ್ಟುತ್ತಿದ್ದದ್ದು ಹೀಗೆ. ಜೋಡಿ ಗುಂಡು ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ಊರಿನವರು ಆ ಮನೆಗೆ ಹೊರಡುತ್ತಿದ್ದರು. ಸೌದೆ ಒಡೆಯುವುದರಿಂದ ಹಿಡಿದು ಬಂದವರಿಗೆ ಕಾಫಿ ಕಾಸುವವರೆಗೆ ಎಲ್ಲ ಕೆಲಸ ಅವರದ್ದೇ. ಈಗಲೂ ಹಾಗೇ ನಡೆಯುತ್ತದೆ. ಕೋವಿಗೆ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 1861ರಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಸಾವಿನ ಮನೆಯಲ್ಲಿ ಆ ಸದ್ದು ಕೇಳಿದವರಿಗೆ ಆ ವಿನಾಯಿತಿಯನ್ನು ಇಲ್ಲಿಯವರು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ ಅಂತ ಅರ್ಥವಾಗುತ್ತದೆ.

ಅಲ್ಲಿ ಹೋದ ಮೇಲೆ ನಿಮಗೆ ಜಾಸ್ತಿ ಕೆಲಸ ಇಲ್ಲ. ಸಾಲಿನಲ್ಲಿ ನಿಂತು, ಮುಂದಿನವರು ಮಾಡಿದ ಹಾಗೆ ಕಾಲಿಗೆ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿಯಿರಿ. ಹಿರಿಯರಿದ್ದರೆ ಚಾವು ಪಾಟ್ ಹಾಡುವುದೂ ಉಂಟು, ಹೋದವರ ಬದುಕನ್ನು ನೆನೆಯುವ ಹಾಡು. ಹಾಡುವವರು ಈಗ ಕಡಿಮೆಯಾಗಿದ್ದಾರೆ. ಕೇಳುವ ಅವಕಾಶ ಸಿಕ್ಕಿದರೆ ಸುಮ್ನೆ ಕೂತು ಕೇಳಿ, ದಯವಿಟ್ಟು ಮೊಬೈಲ್ ಎತ್ತಬೇಡಿ. ಹೊರಡುವಾಗ "ಬರ್ತೀನಿ" ಅನ್ನಬೇಡಿ, ಹೇಳದೆಯೇ ಹೊರಟರೆ ಯಾರೂ ತಪ್ಪು ತಿಳಿಯುವುದಿಲ್ಲ.

ಒಕ್ಕದ ಸ್ಮಶಾನ ತೋಟದ ಒಂದು ಮೂಲೆಯಲ್ಲಿದ್ದರೆ ಕಾಫಿ ಗಿಡಗಳ ನಡುವೆ ನಡೆಯಬೇಕಾಗುತ್ತದೆ. ಈ ಮಳೆಯಲ್ಲಿ ಕೆಸರು, ಜಿಗಣೆ ಎರಡೂ ಗ್ಯಾರಂಟಿ. ಬಿಳಿ ಬಟ್ಟೆ ಹಾಳಾಗುತ್ತದೆ ಅಂತ ಚಿಂತೆ ಬೇಡ, ಎಲ್ಲರದ್ದೂ ಹಾಳಾಗಿರುತ್ತದೆ. ಛತ್ರಿ ಮಾತ್ರ ಕಪ್ಪಿದ್ದರೂ ಪರವಾಗಿಲ್ಲ. ಕಾರಿನಲ್ಲಿ ಇನ್ನೊಂದು ಜೊತೆ ಚಪ್ಪಲಿ ಇಟ್ಟುಕೊಳ್ಳಿ.

ನಾಳೆ ಹೋಗಲು ಆಗದಿದ್ದರೆ 11ನೇ ದಿನ ಮಾದ, ಅಂದರೆ ತಿಥಿ, ಇರುತ್ತದೆ, ಆಗ ಹೋಗಬಹುದು. ಆ ದಿನಕ್ಕೂ ಇದೇ ಬಟ್ಟೆ ಸಾಕು. ಆದರೆ ಆಗುವ ಹಾಗಿದ್ದರೆ ನಾಳೆಯೇ ಹೋಗಿ, ಬೆಳಿಗ್ಗೆ ಬೇಗ ಹೊರಡಿ. ಹುಣಸೂರು ದಾಟಿದ ಮೇಲೆ ನಾಗರಹೊಳೆ ಕಾಡಿನ ಅಂಚಿನ ರಸ್ತೆ, ಹಂಪ್‌ಗಳು ಜಾಸ್ತಿ, ನೀವು ಅಂದುಕೊಂಡದ್ದಕ್ಕಿಂತ ತಡವಾಗುತ್ತದೆ.