ಎರಡು ಜೀವಿಗಳು ಎಷ್ಟು ದೂರ ಸರಿದಿವೆ ಎಂದು ತಿಳಿಯಲು ಅವುಗಳ ಡಿಎನ್‌ಎಯಲ್ಲಿ ವ್ಯತ್ಯಾಸ ಎಣಿಸಿದರೆ ಸಾಲದೇ? ಜೂಕ್ಸ್-ಕ್ಯಾಂಟರ್ ಸೂತ್ರ ಯಾಕೆ ಬೇಕು?

ಸಾಲದು. ಎಣಿಕೆಗೆ ಸಿಗುವುದು ಇವತ್ತು ಕಾಣುವ ವ್ಯತ್ಯಾಸ ಮಾತ್ರ. ಡಿಎನ್‌ಎ ಸರಣಿ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳದ್ದು; ಒಂದು ಜಾಗದಲ್ಲಿದ್ದ ಎ ಮೊದಲು ಜಿ ಆಗಿ, ಎಷ್ಟೋ ಕಾಲದ ಮೇಲೆ ಮತ್ತೆ ಎ ಆಗಿದ್ದರೆ ನಡೆದದ್ದು ಎರಡು ಬದಲಾವಣೆ, ಕಾಣುವುದು ಸೊನ್ನೆ. ಹೀಗೆ ಮುಚ್ಚಿಹೋದದ್ದನ್ನೂ ಸೇರಿಸಿ ಅಂದಾಜು ಮಾಡಲು 1969ರಲ್ಲಿ ಜೂಕ್ಸ್ ಮತ್ತು ಕ್ಯಾಂಟರ್ ಕೊಟ್ಟ ಸೂತ್ರ ಇದು:

ದೂರ = −(3/4) × ಲಾಗ್ (1 − 4ಪಿ/3)

ದೂರ ಅಂದರೆ ಪ್ರತಿ ಜಾಗಕ್ಕೆ ಸರಾಸರಿ ಎಷ್ಟು ಬದಲಾವಣೆ ನಡೆದಿದೆ ಎಂಬುದು; ಪಿ ಅಂದರೆ ಬೇರೆಯಾಗಿರುವ ಜಾಗಗಳ ಪಾಲು; ಲಾಗ್ ಇಲ್ಲಿ ಸ್ವಾಭಾವಿಕ ಲಾಗರಿದಮ್.

ನೂರಕ್ಕೆ 10 ಜಾಗ ಬೇರೆಯಿದ್ದರೆ ಉತ್ತರ 0.107, ಹೆಚ್ಚುಕಡಿಮೆ ಎಣಿಸಿದಷ್ಟೇ. 30 ಇದ್ದರೆ 0.383. 60 ಆದಾಗ 1.207: ಅಂದರೆ ಪ್ರತಿ ಜಾಗವೂ ಸರಾಸರಿ ಒಂದಕ್ಕಿಂತ ಹೆಚ್ಚು ಸಲ ಬದಲಾಗಿದೆ! 75 ಮುಟ್ಟಿದರೆ ಉತ್ತರ ಅನಂತ. ಯಾಕೆಂದರೆ ನಾಲ್ಕೇ ಅಕ್ಷರಗಳಿರುವುದರಿಂದ, ಸಂಬಂಧವೇ ಇಲ್ಲದ ಸರಣಿಗಳೂ ಕಾಲು ಭಾಗ ಜಾಗಗಳಲ್ಲಿ ಆಕಸ್ಮಿಕವಾಗಿ ಹೊಂದುತ್ತವೆ.

ಎಲ್ಲ ಬದಲಾವಣೆಗೂ ಒಂದೇ ಸಂಭವ ಎಂಬುದು ಈ ಸೂತ್ರದ ಊಹೆ. ನಿಜದಲ್ಲಿ ಎ-ಜಿ, ಸಿ-ಟಿ ಅದಲುಬದಲು ಹೆಚ್ಚು, ಪ್ರಾಣಿಗಳ ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್‌ಎಯಲ್ಲಂತೂ ತೀರಾ ಹೆಚ್ಚು. ಅಲ್ಲಿ ಕನಿಷ್ಠ ಕಿಮುರಾ 1980ರಲ್ಲಿ ಕೊಟ್ಟ ಎರಡು ದರಗಳ (ಈ ಅದಲುಬದಲಿಗೊಂದು, ಉಳಿದವಕ್ಕೊಂದು) ಸೂತ್ರವನ್ನಾದರೂ ಬಳಸಿ. ಇನ್ನೊಂದು ಮಾತು: ಈ ದೂರ, ಸಮಾನ ಪೂರ್ವಜನಿಂದ ಬೇರೆಯಾದ ಎರಡೂ ಕವಲುಗಳಲ್ಲಿ ನಡೆದ ಬದಲಾವಣೆಗಳ ಮೊತ್ತ. ಕವಲೊಡೆದ ಕಾಲ ಬೇಕಿದ್ದರೆ, ದೂರವನ್ನು ಒಂದು ಕವಲಿನ ಬದಲಾವಣೆ ದರದ ಎರಡರಷ್ಟರಿಂದ ಭಾಗಿಸಬೇಕು.