ಅದುರುವ ಪಿಕಪ್: ಗೇರ್‌ಬಾಕ್ಸ್ ಬಿಚ್ಚುವ ಮೊದಲು

ಪ್ರಶ್ನೆ: ಕಾಫಿ ತೋಟದ ಕೆಲಸಕ್ಕೆ 2011ರ ಫೋರ್ ವೀಲ್ ಡ್ರೈವ್ ಡೀಸೆಲ್ ಪಿಕಪ್ ಇಟ್ಟಿದ್ದೇವೆ. ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಒಂದೊಂದು ಪ್ಲೇಟ್ ಹೆಚ್ಚಿಗೆ ಹಾಕಿಸಿದ ಮೇಲೆ, ವೇಗ 60 ಕಿ.ಮೀ. ದಾಟಿದರೆ ನೆಲವೂ ಗೇರ್ ಲಿವರೂ ಗುಂಯ್ ಎಂದು ಅದುರುತ್ತವೆ. ಮೂಟೆ ಹೇರಿದಾಗ ಕಡಿಮೆ. ವೀಲ್ ಬ್ಯಾಲೆನ್ಸಿಂಗ್‌ನಿಂದ ಉಪಯೋಗವಾಗಲಿಲ್ಲ. ಗೇರ್‌ಬಾಕ್ಸ್ ಇಳಿಸಬೇಕು ಅನ್ನುತ್ತಾರೆ ಮೆಕ್ಯಾನಿಕ್.
– ಓದುಗರು, ಸಕಲೇಶಪುರ

ಉತ್ತರ: ಗೇರ್‌ಬಾಕ್ಸ್ ಮುಟ್ಟಿಸಬೇಡಿ, ಸದ್ಯಕ್ಕೆ. ಖಾಲಿ ನೇರ ರಸ್ತೆಯಲ್ಲಿ 65ಕ್ಕೆ ಹೋಗಿ, ಅದುರು ಶುರುವಾದ ಮೇಲೆ ನ್ಯೂಟ್ರಲ್‌ಗೆ ಹಾಕಿ. ಎಂಜಿನ್ ಆಫ್ ಮಾಡಬೇಡಿ, ಬ್ರೇಕ್ ಗಟ್ಟಿಯಾಗುತ್ತದೆ. ಆಗಲೂ ಅದುರಿದರೆ ಎಂಜಿನ್, ಕ್ಲಚ್‌ಗಳದ್ದಲ್ಲ. 60ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ಹಾಕಿದರೆ, ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ 30ಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಟೈರಿನದು ಸ್ಟೀರಿಂಗ್ ಕುಲುಕುವ ಅದುರು. ಕಾಲಡಿಯ ಗುಂಯ್ ಶಾಫ್ಟಿನದು.

ನಿಮ್ಮಲ್ಲಿ ಅನುಮಾನ ಬರುವುದು ಶಾಫ್ಟಿನ ಕೋನದ ಮೇಲೆ. ಶಾಫ್ಟಿನ ಎರಡೂ ತುದಿಯಲ್ಲಿ ಓರೆಯಲ್ಲೂ ತಿರುಗಬಲ್ಲ ಕೂಡು ಇರುತ್ತದೆ, ಅದೇ ಕ್ರಾಸ್ (ಯೂನಿವರ್ಸಲ್ ಜಾಯಿಂಟ್). ಕ್ರಾಸ್ ಓರೆಯಾಗಿ ತಿರುಗುವಾಗ ಆಚೆ ಬದಿಯ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. ಎರಡೂ ತುದಿಯ ಕೋನ ಒಂದೇ ಇದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಪ್ಲೇಟ್ ಸೇರಿ ಗಾಡಿ ಎತ್ತರವಾದಾಗ ಕೋನ ಹೆಚ್ಚಿದೆ. ಲೋಡ್ ಬಿದ್ದಾಗ ತಗ್ಗುತ್ತದೆ, ಅದುರೂ ತಗ್ಗುತ್ತದೆ.

ಆದರೆ ಅಳೆಯುವ ಮೊದಲು ಶಾಫ್ಟನ್ನೇ ನೋಡಿ. ಸ್ಪ್ರಿಂಗ್ ಕೆಲಸದಲ್ಲಿ ಅದನ್ನು ಬಿಚ್ಚಿ, ಸ್ಲಿಪ್ ಜಾಯಿಂಟ್‌ನ (ಶಾಫ್ಟ್ ಉದ್ದ ಕಡಿಮೆ ಹೆಚ್ಚು ಆಗಲು ಒಳಗೆ ಹೊರಗೆ ಜಾರುವ ಹಲ್ಲಿನ ಜೋಡಣೆ) ಹಲ್ಲು ತಪ್ಪಿಸಿ ಕೂರಿಸಿರಬಹುದು. ಒಂದೇ ಶಾಫ್ಟಿನ ಎರಡೂ ಯೋಕ್ (ಕ್ರಾಸ್ ಹಿಡಿಯುವ ಕವೆ) ಒಂದೇ ಸಮತಲದಲ್ಲಿರಬೇಕು. ಒಂದು ಹಲ್ಲು ಆಚೀಚೆಯಾದರೂ ಅದುರು ಬರುತ್ತದೆ. ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿ. ಕ್ರಾಸ್‌ನಲ್ಲಿ ಸ್ವಲ್ಪ ಆಟ ಸಿಕ್ಕರೂ, ಕ್ರಾಸಿನ ತುದಿಗಳ ಬೇರಿಂಗ್ ಕಪ್‌ನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೂ ಬದಲಿಸಿ. ಗ್ರೀಸ್ ಹೊಡೆದಾಗ ನಾಲ್ಕೂ ಕಪ್‌ನಿಂದ ಹೊಸ ಗ್ರೀಸ್ ಬರಬೇಕು. ಒಂದರಿಂದ ಬಾರದಿದ್ದರೆ ಅದರ ಸೂಜಿ ಬೇರಿಂಗ್ ಒಣಗಿದೆ ಎಂದೇ ಲೆಕ್ಕ. ಶಾಫ್ಟ್ ಬಿಚ್ಚುವ ಮೊದಲು ಅದು ಬೋಲ್ಟ್ ಆಗುವ ಫ್ಲ್ಯಾಂಜ್‌ಗೆ (ಚಪ್ಪಟೆ ಬಿಲ್ಲೆ) ಬಣ್ಣದ ಗುರುತು ಹಾಕಿಸಿ, ಮತ್ತೆ ಇದ್ದ ಹಾಗೆಯೇ ಕೂರಿಸಲು.

ಇದೆಲ್ಲ ಸರಿಯಿದ್ದರೆ ಸಮತಟ್ಟಾದ ಜಾಗದಲ್ಲಿ, ಚಕ್ರ ನೆಲದ ಮೇಲಿದ್ದು, ಖಾಲಿ ಗಾಡಿಯಲ್ಲಿ ಡಿಜಿಟಲ್ ಆ್ಯಂಗಲ್ ಗೇಜ್ ಹಿಡಿಸಿ. ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಫ್ಲ್ಯಾಂಜ್, ಶಾಫ್ಟ್, ಆಕ್ಸಲ್ ಬದಿಯ ಪಿನಿಯನ್ ಫ್ಲ್ಯಾಂಜ್ ಮೂರರ ಓರೆಯಿಂದ ಎರಡೂ ಜಾಯಿಂಟ್‌ನ ಕೋನ ಸಿಗುತ್ತದೆ. ಎರಡರ ವ್ಯತ್ಯಾಸ 1 ಡಿಗ್ರಿ ಮೀರಬಾರದು. ಮೀರಿದ್ದರೆ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬೆಣೆಯಾಕಾರದ ಶಿಮ್ ಕೊಡಿಸಿ. ಎರಡೂ ಕೋನ ದೊಡ್ಡದಾಗಿದ್ದರೆ ಹೊಸ ಪ್ಲೇಟ್ ತೆಗೆಸುವುದೇ ನೆಟ್ಟಗಿನ ದಾರಿ. ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಸುಮಾರು 100 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿಸಬೇಕು.

ಪ್ರಶ್ನೆ: ಫೋರ್ ವೀಲ್ ಹಾಕಿ ಟಾರ್ ರಸ್ತೆಯಲ್ಲಿ ತಿರುಗಿಸಿದರೆ ಗಾಡಿ ಹಿಡಿದು ಹಿಡಿದು ಜಿಗಿಯುತ್ತದೆ. ಕ್ರಾಸ್ ಹೋಗಿದೆಯೇ?
– ಓದುಗರು, ಮಡಿಕೇರಿ

ಉತ್ತರ: ಇದು ದೋಷವಲ್ಲ. ಪಾರ್ಟ್ ಟೈಮ್ ಫೋರ್ ವೀಲ್‌ನಲ್ಲಿ (ಬೇಕಾದಾಗ ಮಾತ್ರ ಲಿವರ್‌ನಿಂದ ಹಾಕುವಂಥದ್ದು) ಮುಂದಿನ ಹಿಂದಿನ ಶಾಫ್ಟ್ ಒಟ್ಟಿಗೆ ಲಾಕ್ ಆಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು. ಕೆಸರಾದರೆ ಟೈರ್ ಜಾರಿ ಸರಿಹೋಗುತ್ತದೆ, ಟಾರ್ ಮೇಲೆ ಜಾರಲಾರದು. ಲಿವರ್ ಹೊರಬರದೆ ಸಿಕ್ಕಿಕೊಂಡರೆ ನೇರವಾಗಿ ನಾಲ್ಕೈದು ಮೀಟರ್ ರಿವರ್ಸ್ ತೆಗೆದುಕೊಂಡು ಎಳೆಯಿರಿ.