ಮನೆ ಸೋಪು ರಾಶಿ ಬಿದ್ದಿದೆ, ಏನು ಮಾಡಲಿ?

ಪ್ರಶ್ನೆ: ಹವ್ಯಾಸಕ್ಕೆಂದು ಮನೆಯಲ್ಲೇ ಸೋಪು ಮಾಡುತ್ತೇನೆ. ನೆಂಟರಿಷ್ಟರಿಗೆಲ್ಲ ಕೊಟ್ಟಾಯಿತು. ಇನ್ನೂ ಅರವತ್ತಕ್ಕೂ ಹೆಚ್ಚು ಬಿಲ್ಲೆಗಳು ಬೀರುವಿನಲ್ಲಿವೆ. ಕೆಲವು ಬರೀ ಕೊಬ್ಬರಿ ಎಣ್ಣೆಯವು, ಕೆಲವು ಸೂರ್ಯಕಾಂತಿ ಬೆರೆಸಿದವು. ಒಂದಷ್ಟರ ಮೇಲೆ ಕಿತ್ತಳೆ ಬಣ್ಣದ ಚುಕ್ಕಿ ಬಂದಿದೆ. ಇವನ್ನೆಲ್ಲ ಏನು ಮಾಡಬಹುದು? — ತಿಪಟೂರು

ಉತ್ತರ: ಮೊದಲು ಎಲ್ಲವನ್ನೂ ಹೊರಗೆ ತೆಗೆದು ಮೂರು ಗುಂಪು ಮಾಡಿ. ಯಾವ ಸೋಪು ಯಾವ ಕೆಲಸಕ್ಕೆ ಎನ್ನುವುದು ಅದರೊಳಗಿನ ಎಣ್ಣೆ ಮತ್ತು ಸೂಪರ್‌ಫ್ಯಾಟ್ ಮೇಲೆ ನಿಂತಿದೆ. ಎಣ್ಣೆಯನ್ನು ಸೋಪಾಗಿಸುವ ತೀಕ್ಷ್ಣ ಕ್ಷಾರವಾದ ಕಾಸ್ಟಿಕ್ ಸೋಡಾಕ್ಕೆ ಸಿಗದೆ ಉಳಿಯಲಿ ಎಂದು ನಾವು ಬೇಕಂತಲೇ ಹೆಚ್ಚಾಗಿ ಹಾಕುವ ಎಣ್ಣೆಯೇ ಸೂಪರ್‌ಫ್ಯಾಟ್. ಮೈಗೆ ಹಿತವಾದ ಈ ಎಣ್ಣೆ ಬಟ್ಟೆಗೆ ಜಿಡ್ಡು. ಇದನ್ನು ನೋಡದೆ ಎಲ್ಲವನ್ನೂ ಒಟ್ಟಿಗೆ ಕರಗಿಸಿಬಿಟ್ಟರೆ ಯಾವುದಕ್ಕೂ ಸರಿಹೋಗದ ಒಂದು ಮುದ್ದೆ ಸಿಗುತ್ತದೆ.

ಚುಕ್ಕಿ ಬಂದವು ಮೊದಲ ಗುಂಪು. ಉಳಿದ ಎಣ್ಣೆ ಗಾಳಿಗೆ ಕೆಟ್ಟು ಕಮಟಾಗುವಾಗ ಬರುವ ಕಲೆ ಅದು. ಸೂರ್ಯಕಾಂತಿ, ಸೋಯಾ ಎಣ್ಣೆಗಳಲ್ಲಿ ಬೇಗ ಬರುತ್ತದೆ, ಕೊಬ್ಬರಿ ಎಣ್ಣೆಯಲ್ಲಿ ಕಡಿಮೆ. ತೇವ, ಶಾಖ, ತುಕ್ಕು ಹಿಡಿದ ಕಬ್ಬಿಣದ ಜಾಲರಿ, ತಾಮ್ರದ ತಟ್ಟೆ, ಇವೆಲ್ಲ ಅದನ್ನು ಇನ್ನೂ ಚುರುಕುಗೊಳಿಸುತ್ತವೆ. ಒಂದೆರಡು ಚುಕ್ಕಿ ಇದ್ದು ವಾಸನೆ ಇಲ್ಲದಿದ್ದರೆ ಆ ಭಾಗ ಕೆತ್ತಿ ತೆಗೆದು ಕೈ ತೊಳೆಯಲು ಬಳಸಿ. ಕಮಟು ವಾಸನೆ ಹಿಡಿದದ್ದನ್ನು ನೆಲ ಒರೆಸಲು, ಬಚ್ಚಲು ಉಜ್ಜಲು ಇಟ್ಟುಕೊಳ್ಳಿ. ಅದನ್ನು ಯಾರಿಗೂ ಕೊಡಬೇಡಿ, ಒಳ್ಳೆಯ ಸೋಪಿನ ಜೊತೆ ಕರಗಿಸಲೂ ಬೇಡಿ.

ಎರಡನೆಯದು ಅನುಮಾನದ ಗುಂಪು: ಅಳತೆ ಬರೆದಿಟ್ಟುಕೊಳ್ಳದೆ ಮಾಡಿದವು, ಒಡೆದರೆ ಒಳಗೆ ಬಿಳಿ ಹರಳು ಕಾಣುವವು. ಒದ್ದೆ ಬೆರಳನ್ನು ಬಿಲ್ಲೆಯ ಮೇಲೆ ಉಜ್ಜಿ ನಾಲಿಗೆ ತುದಿಗೆ ತಾಗಿಸಿ ನೋಡಿ. ಬರೀ ಸೋಪಿನ ರುಚಿ ಬಂದರೆ ತೊಂದರೆಯಿಲ್ಲ. ಕರೆಂಟು ಹೊಡೆದ ಹಾಗೆ ಚುರುಕ್ಕೆಂದರೆ ಕಾಸ್ಟಿಕ್ ಉಳಿದಿದೆ ಎಂದರ್ಥ, ಅದು ಮೈಗೆ ತಾಗಬಾರದು. ಮೇಲ್ಮೈಯಲ್ಲಷ್ಟೇ ಬೂದಿಯಂತೆ ಕೂತ ಬಿಳಿ ಪುಡಿಗೆ ಹೆದರಬೇಕಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಉಳಿದವೆಲ್ಲ ಒಳ್ಳೆಯ ಸೋಪು. ಇವುಗಳ ವಿಷಯದಲ್ಲಿ ಅವಸರವೇ ಬೇಡ. ನಾಲ್ಕರಿಂದ ಆರು ವಾರ ಒಣಗಿದ ಸೋಪು ಬಳಸಲು ಸಿದ್ಧ. ಆಲಿವ್ ಎಣ್ಣೆ ಹೆಚ್ಚಿರುವುದು ಆರು ತಿಂಗಳು, ವರ್ಷ ಇಟ್ಟಷ್ಟೂ ಗಟ್ಟಿಯಾಗಿ ಹದವಾಗುತ್ತದೆ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ, ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಚೀಲ ಬೇಡ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸೋಪಿನೊಳಗಿನ ಗ್ಲಿಸರಿನ್ ತೇವ ಎಳೆದುಕೊಂಡು ಬಿಲ್ಲೆ ಬೆವರುತ್ತದೆ. ಆಗ ಬಟ್ಟೆಯಲ್ಲಿ ಒತ್ತಿ ಫ್ಯಾನಿನ ಗಾಳಿಗೆ ಇಟ್ಟರೆ ಸಾಕು. ನಿಂಬೆ, ಕಿತ್ತಳೆಯ ಪರಿಮಳ ಬೇಗ ಹಾರಿಹೋಗುತ್ತದೆ, ಅಂಥವನ್ನು ಮೊದಲು ಬಳಸಿ. ಲಾವಂಚದ್ದು ಬಹಳ ಕಾಲ ನಿಲ್ಲುತ್ತದೆ.

ವೃದ್ಧಾಶ್ರಮಕ್ಕೋ ವಿದ್ಯಾರ್ಥಿನಿಲಯಕ್ಕೋ ಕೊಡುವ ಮನಸ್ಸಿದ್ದರೆ ಬಿಲ್ಲೆಯ ಮೇಲೆ ಚೀಟಿ ಇರಲೇಬೇಕು: ಮಾಡಿದ ತಿಂಗಳು, ಹಾಕಿದ ಎಲ್ಲ ಎಣ್ಣೆ, ಪರಿಮಳ, ಬಣ್ಣ. ಕಡಲೆಕಾಯಿ, ಬಾದಾಮಿ ಎಣ್ಣೆ ಆಗದವರಿರುತ್ತಾರೆ. ಪುಕ್ಕಟೆ ಕೊಡುತ್ತಿದ್ದೇವೆ ಎಂದು ಈ ಹೊಣೆ ತಪ್ಪುವುದಿಲ್ಲ.

ಪ್ರಶ್ನೆ: ಹಳೇ ಸೋಪನ್ನು ತುರಿದು ಕರಗಿಸಿ ಮತ್ತೆ ಅಚ್ಚಿಗೆ ಹಾಕಿದೆ. ಗಂಟುಗಂಟಾಗಿ ಬಂತು, ಒಣಗಿದ ಮೇಲೆ ಸೊಟ್ಟಗಾಯಿತು. ಎಲ್ಲಿ ತಪ್ಪಿದೆ? — ಹಾಸನ

ಉತ್ತರ: ಸೊಟ್ಟಗಾದದ್ದು ನೀರು ಹೆಚ್ಚಾಗಿ, ಗಂಟು ಉಳಿದದ್ದು ಸಮಯ ಸಾಲದೆ. ಮನೆ ಸೋಪು ಮೇಣದಂತೆ ಕರಗಿ ನೀರಾಗುವುದಿಲ್ಲ, ಮೆತ್ತಗಾಗಿ ಅಂಟಾಗುತ್ತದೆ ಅಷ್ಟೆ. ಅದು ತಿಳಿಯಾಗಲಿ ಎಂದು ನೀರು ಸುರಿಯುತ್ತ ಹೋದಾಗಲೇ ಕೆಲಸ ಕೆಡುವುದು.

ಕೊಬ್ಬರಿ ತುರಿಯುವ ಸಣ್ಣ ತೂತಿನಲ್ಲಿ ತುರಿಯಿರಿ. ಒಂದು ಕಿಲೋ ತುರಿಗೆ, ಸೋಪು ಒಂದೆರಡು ವಾರದ್ದಾದರೆ 100 ಗ್ರಾಂ ನೀರು ಸಾಕು, ತಿಂಗಳುಗಟ್ಟಲೆ ಒಣಗಿದ್ದಾದರೆ 200 ಗ್ರಾಂ. ನೀರು ಚಿಮುಕಿಸಿ, ಕಲಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮರುದಿನ ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಸ್ಟೀಲ್ ಪಾತ್ರೆ ಇಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಒಂದರಿಂದ ಎರಡು ಗಂಟೆ ಬೇಯಿಸಿ. ಅಲ್ಯೂಮಿನಿಯಂ ಪಾತ್ರೆ ಬಳಸಬೇಡಿ, ಕ್ಷಾರ ಅದನ್ನು ತಿನ್ನುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಮೆಲ್ಲಗೆ ತಿರುವಿ. ಬಿರುಸಾಗಿ ಕಲಕಿದರೆ ನೊರೆಯೆದ್ದು ಒಳಗೆ ಗುಳ್ಳೆ ನಿಲ್ಲುತ್ತದೆ. ಸೌಟಿನಿಂದ ದಪ್ಪ ಗಂಜಿಯಂತೆ ಜಾರಿ ಬೀಳುವ ಹದಕ್ಕೆ ಬಂದಾಗ ಅಚ್ಚಿಗೆ ತುಂಬಿ, ಅಚ್ಚನ್ನು ಮೇಜಿಗೆ ನಾಲ್ಕೈದು ಸಲ ಕುಟ್ಟಿ. ಎರಡು ದಿನದ ಮೇಲೆ ಕತ್ತರಿಸಿ, ಮೂರು ನಾಲ್ಕು ವಾರ ನೆರಳಲ್ಲಿ ಒಣಗಿಸಿ. ಹೀಗೆ ಮಾಡಿದರೂ ಮೊದಲಿನ ನುಣುಪು ಬರುವುದಿಲ್ಲ, ಒರಟು ಮೈ ಇದರ ಸ್ವಭಾವ.

ಚೂರುಪಾರು ಮಾತ್ರ ಇದ್ದರೆ ಇಷ್ಟೆಲ್ಲ ಬೇಡ. ಹೊಸ ಸೋಪಿನ ಹಿಟ್ಟು ಅಚ್ಚಿಗೆ ಸುರಿಯುವ ಹದಕ್ಕೆ ಬಂದಾಗ ಅದರ ತೂಕದ ಕಾಲು ಭಾಗದಷ್ಟು ಹಳೇ ತುರಿ ಬೆರೆಸಿ. ಬಣ್ಣದ ಚೂರುಗಳಾದರೆ ಕತ್ತರಿಸಿದಾಗ ನೋಡಲೂ ಚೆಂದ.

ಪ್ರಶ್ನೆ: ಉಳಿದ ಸೋಪಿನಿಂದ ಬಟ್ಟೆ ಒಗೆದೆವು. ನಮ್ಮದು ಬೋರ್‌ವೆಲ್ ನೀರು. ನೊರೆಯೇ ಬರುವುದಿಲ್ಲ, ಬಿಳಿ ಬಟ್ಟೆ ಮಂಕಾಗಿ ಒರಟಾಗಿದೆ. — ಕೋಲಾರ

ಉತ್ತರ: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಬಿಳಿ ಗಸಿಯಾಗುತ್ತದೆ. ಅದೇ ಬಟ್ಟೆಯ ಎಳೆಯಲ್ಲಿ ಕೂರುತ್ತದೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ 20 ಲೀಟರಿನ ಒಂದು ಬಕೆಟ್ ನೀರು, ಲೆಕ್ಕದ ಪ್ರಕಾರ 40 ಗ್ರಾಂಗೂ ಹೆಚ್ಚು ಸೋಪನ್ನು ಕೊಳೆ ಮುಟ್ಟುವ ಮೊದಲೇ ನುಂಗಿಬಿಡಬಲ್ಲದು.

ಇದಕ್ಕೆ ವಾಷಿಂಗ್ ಸೋಡಾ ಬೇಕು. ಅಡುಗೆ ಸೋಡಾ ಈ ಕೆಲಸ ಮಾಡುವುದಿಲ್ಲ. ಹಾಕುವ ಕ್ರಮವೂ ಮುಖ್ಯ: ಮೊದಲು ಬಕೆಟ್ ನೀರಿಗೆ ಎರಡು ಟೀ ಚಮಚ ವಾಷಿಂಗ್ ಸೋಡಾ ಹಾಕಿ ಕಲಕಿ ಹತ್ತು ನಿಮಿಷ ಬಿಡಿ. ಕ್ಯಾಲ್ಸಿಯಂ ಸುಣ್ಣದ ಪುಡಿಯಾಗಿ ತಳ ಹಿಡಿಯುತ್ತದೆ. ತಿಳಿನೀರು ಬಗ್ಗಿಸಿಕೊಂಡು, ಬಿಸಿನೀರಲ್ಲಿ ಕರಗಿಸಿದ ಎರಡು ದೊಡ್ಡ ಚಮಚ ಸೋಪು ತುರಿ ಬೆರೆಸಿ. ಕೈಗವಸು ಹಾಕಿಕೊಳ್ಳಿ. ರೇಷ್ಮೆ, ಉಣ್ಣೆಯ ಬಟ್ಟೆಗೆ ಇದು ಸಲ್ಲದು, ಕ್ಷಾರಕ್ಕೆ ಎಳೆ ಹಾಳಾಗುತ್ತದೆ. ಸ್ನಾನದ ಸೋಪನ್ನು ವಾಷಿಂಗ್ ಮೆಷಿನ್ನಿಗೂ ಹಾಕಬೇಡಿ, ಜಿಡ್ಡು ಕೊಳವೆಯಲ್ಲಿ ಕಟ್ಟುತ್ತದೆ.

ಒಗೆಯಲೆಂದೇ ಮುಂದೆ ಸೋಪು ಮಾಡುವುದಾದರೆ 500 ಗ್ರಾಂ ಕೊಬ್ಬರಿ ಎಣ್ಣೆಗೆ 91 ಗ್ರಾಂ ಕಾಸ್ಟಿಕ್, 182 ಗ್ರಾಂ ನೀರು. ಇದರಲ್ಲಿ ಎಣ್ಣೆ ಬಹುತೇಕ ಉಳಿಯುವುದಿಲ್ಲ. ಅದೇ ಎಣ್ಣೆಯಲ್ಲಿ ಸ್ನಾನದ ಸೋಪಿಗೆ 73 ಗ್ರಾಂ ಕಾಸ್ಟಿಕ್ ಹಾಕಿ ನೂರಕ್ಕೆ ಇಪ್ಪತ್ತರಷ್ಟು ಎಣ್ಣೆ ಉಳಿಸುತ್ತೇವೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ.

ಪ್ರಶ್ನೆ: ಸೋಪು ಕರಗಿಸಿ ದ್ರವ ಸೋಪು ಮಾಡಿದೆ. ಜಿಡ್ಡು ಹೋಗಲೆಂದು ನಿಂಬೆರಸ ಹಿಂಡಿದೆ. ಎಲ್ಲ ಒಡೆದುಹೋಯಿತು. — ಧಾರವಾಡ

ಉತ್ತರ: ಹುಳಿ ಬಿದ್ದರೆ ಸೋಪು ಸೋಪಾಗಿ ಉಳಿಯುವುದಿಲ್ಲ, ಕೊಬ್ಬಿನ ಆಮ್ಲವಾಗಿ ಬೇರೆಯಾಗಿ ಮೇಲೆ ತೇಲುತ್ತದೆ. ವಿನೆಗರ್‌ಗೂ ಇದೇ ಮಾತು. ನಿಂಬೆ ಹಿಂಡದಿದ್ದರೂ ಕಾಸ್ಟಿಕ್ ಸೋಡಾದ ಸೋಪು ನೀರಲ್ಲಿ ಲೋಳೆಯಾಗಿಯೇ ನಿಲ್ಲುತ್ತದೆ. ಅಂಗಡಿಯ ದ್ರವ ಸೋಪಿನ ಹಾಗೆ ತಿಳಿಯಾಗಿ ಹರಿಯಬೇಕಾದರೆ ಮೊದಲೇ ಕಾಸ್ಟಿಕ್ ಸೋಡಾದ ಬದಲು ಅದರಂಥದೇ ಇನ್ನೊಂದು ಕ್ಷಾರವಾದ ಕಾಸ್ಟಿಕ್ ಪೊಟ್ಯಾಶ್‌ನಲ್ಲಿ ಮಾಡಿರಬೇಕು. ಲೋಳೆಯೇ ಆದರೂ ಸಾಕೆಂದರೆ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ತುರಿ ಹಾಕಿ, ವಾರದೊಳಗೆ ಮುಗಿಸಿ.

ಪ್ರಶ್ನೆ: ಉಳಿದದ್ದನ್ನು ಸಂತೆಯಲ್ಲಿ ಮಾರಬಹುದೇ? — ಮೈಸೂರು

ಉತ್ತರ: ಪರವಾನಗಿ ಇಲ್ಲದೆ ಆಗದು. ಮಾರಾಟಕ್ಕೆ ಮಾಡುವ ಸ್ನಾನದ ಸೋಪು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 2020ರ ಕಾಂತಿವರ್ಧಕ ನಿಯಮಗಳ ಕೆಳಗೆ ಬರುತ್ತದೆ. ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ತಯಾರಿಕೆಯ ಪರವಾನಗಿ ಪಡೆಯಬೇಕು. ಈಗಾಗಲೇ ಅಡುಗೆಮನೆಯಲ್ಲಿ ಮಾಡಿಟ್ಟದ್ದನ್ನು ಆಮೇಲೆ ಅದರಡಿ ತರಲಾಗದು. ಕಜ್ಜಿ ವಾಸಿ, ಇಸುಬು ವಾಸಿ ಎಂದು ಚೀಟಿ ಅಂಟಿಸಿದರಂತೂ ಅದು ಔಷಧದ ಲೆಕ್ಕಕ್ಕೆ ಹೋಗುತ್ತದೆ.

ಪ್ರಶ್ನೆ: ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದೆ. ಮನೆ ಸೋಪು ಸಿಂಪಡಿಸಬಹುದೇ? — ಶಿವಮೊಗ್ಗ

ಉತ್ತರ: ಸಿಂಪಡಿಸಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೀಟಗಳಿಗೆಂದೇ ಬೇವಿನ ಸೋಪು, ಹೊಂಗೆ ಸೋಪು ರೂಪಿಸಿದೆ. ನಿಮ್ಮಲ್ಲಿ ಹೊಂಗೆ, ಬೇವು ಅಥವಾ ಕಡಲೆಕಾಯಿ ಎಣ್ಣೆಯ, ಪರಿಮಳ ಬೆರೆಸದ ಸೋಪಿದ್ದರೆ ಅದನ್ನೇ ತೆಗೆದುಕೊಳ್ಳಿ. ಬರೀ ಕೊಬ್ಬರಿ ಎಣ್ಣೆಯದು ಎಲೆ ಸುಡುವ ಸಾಧ್ಯತೆ ಹೆಚ್ಚು. ಲೀಟರ್ ಮಳೆನೀರಿಗೆ 5 ಗ್ರಾಂ ತುರಿ, ಬೆಚ್ಚಗೆ ಮಾಡಿ ಕರಗಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ. ಬೋರ್‌ವೆಲ್ ನೀರಾದರೆ ಗಸಿ ಕಟ್ಟಿ ಸಿಂಪಡಿಸುವ ಮೂತಿ ಮುಚ್ಚುತ್ತದೆ. ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ, ಎಲೆ ಅಂಚು ಸುಟ್ಟಂತಾಗದಿದ್ದರೆ ಉಳಿದ ಗಿಡಕ್ಕೆ ಸಂಜೆ ಹೊಡೆಯಿರಿ. ಮೈಗೆ ತಾಗಿದ ಕೀಟ ಮಾತ್ರ ಸಾಯುತ್ತದೆ, ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಹಾಗಾಗಿ ಎಲೆಯ ಅಡಿ, ಕೊಂಬೆಯ ಸಂದು ನೆನೆಯುವಂತೆ ಹೊಡೆದು, ವಾರ ಬಿಟ್ಟು ಇನ್ನೊಮ್ಮೆ ಹೊಡೆಯಿರಿ.